ಹೆಪ್ಪಿಗೂ ಪೊಟ್ಟಣವೇ ಗತಿಯೇ?

ಬೆಟಗೇರಿ: 'ಅಕ್ಕಾರ, ಒಂದ್ ಚಮಚಾ ಹೆಪ್ಪ ಕೊಡ್ರೀ!'

ನೇಕಾರರ ಓಣಿಗಳಲ್ಲಿ ಸಂಜೆಯ ಹೊತ್ತು ಕೇಳಿಬರುತ್ತಿದ್ದ ಈ ಮಾತು ಈಗ ಅಪರೂಪವಾಗುತ್ತ ನಡೆದಿದೆ. ಬಟ್ಟಲು ಹಿಡಿದು ನೆರೆಮನೆಯ ಬಾಗಿಲಿಗೆ ಬರುವ ಹುಡುಗಿಯರೂ ಕಡಿಮೆ. 'ದೀಪಾ ಹಚ್ಚಿದ ಮ್ಯಾಲೆ ಬಂದ್ಯಲ್ಲವಾ, ಹ್ಯಾಂಗ ಕೊಡೂದು?' ಎಂದು ಗೊಣಗುತ್ತಲೇ ಕೊಡುವ ಅಜ್ಜಿಯರೂ ಕಡಿಮೆ. ಮನೆಯಲ್ಲಿ ಹೆಪ್ಪು ಮುಗಿಯಿತೋ, ಮೂಲೆಯ ಅಂಗಡಿಗೆ ಓಟ. ಮೊಸರಿನ ಪೊಟ್ಟಣ ತಂದರಾಯಿತು!

ಅಂಗಡಿಕಾರರಿಗೆ ಇದರಿಂದ ಲಾಭವೇ ಎಂದು ಯಾರಾದರೂ ಅಂದಾರು. ಅವರ ಪಾಡು ಅವರಿಗೇ ಗೊತ್ತು. ಬ್ಯಾಸಗಿಯಲ್ಲಿ ನಾಲ್ಕು ತಾಸು ಕರೆಂಟು ಹೋದರೆ ಮೊಸರು ಹುಳಿಯೇರುತ್ತದೆ, ಪೊಟ್ಟಣ ಉಬ್ಬುತ್ತದೆ, ಗಿರಾಕಿ ಮಾರಿ ಗಂಟು ಹಾಕಿಕೊಳ್ಳುತ್ತಾನೆ. 2022ರ ಜುಲೈ 18ರಿಂದ ಚೀಟಿ ಹಚ್ಚಿ ಕಟ್ಟಿದ ಮೊಸರು, ಮಜ್ಜಿಗೆಗಳ ಮೇಲೂ ಶೇಕಡಾ 5ರ ಜಿ.ಎಸ್.ಟಿ. ಬಿತ್ತು. ಮರುವರ್ಷ ಮಾರ್ಚಿನಲ್ಲಿ ಪೊಟ್ಟಣದ ಮೇಲೆ 'ದಹಿ' ಎಂದು ಅಚ್ಚು ಹಾಕಿರೆಂಬ ದಿಲ್ಲಿಯ ಅಪ್ಪಣೆ ಬಂದು, ಕನ್ನಡಿಗರೂ ತಮಿಳರೂ ಹರಿಹಾಯ್ದ ಮೇಲೆ, 'ಮೊಸರು' ಎಂಬ ಹೆಸರಾದರೂ ಉಳಿಯಿತು. ಮನೆಯ ಗಡಿಗೆಗೆ ಇಂಥ ಯಾವ ತಂಟೆಯೂ ಇಲ್ಲ!

ಅಷ್ಟಕ್ಕೂ ಹೆಪ್ಪು ಎಂದರೇನು? ಕಣ್ಣಿಗೆ ಕಾಣದ ಜೀವಿಗಳ ಒಂದು ಸಂಸಾರ. ಹಾಲಿನಲ್ಲಿರುವ ಸಕ್ಕರೆಯನ್ನು ತಿಂದು ಹುಳಿ ಮಾಡುವುದೇ ಅವುಗಳ ಕಸುಬು. ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಕುದಿಸಿ ಇಳಿಸಿದ ಹಾಲು ಬೆರಳು ತಾಳುವಷ್ಟು ಬೆಚ್ಚಗಾದಾಗ ಲೀಟರಿಗೊಂದು ಚಮಚ ಹೆಪ್ಪು ಹಾಕಿ ಕಲಸಿ, ಅಲುಗಾಡಿಸದೆ ಇಡಬೇಕು. ಹಾಲು ಸುಡುತ್ತಿದ್ದರೆ ಹೆಪ್ಪು ಸಾಯುತ್ತದೆ, ತಣ್ಣಗಾಗಿದ್ದರೆ ಮಲಗಿಬಿಡುತ್ತದೆ. ಚಳಿಗಾಲದಲ್ಲಿ ಗಡಿಗೆಗೆ ಕಂಬಳಿ ಸುತ್ತುವುದೂ, ಜೋಳದ ಚೀಲದ ನಡುವೆ ಇಡುವುದೂ ಇದಕ್ಕೇ. ಮಣ್ಣಿನ ಗಡಿಗೆಯಾದರೆ ಹೆಚ್ಚಿನ ನೀರನ್ನು ತಾನೇ ಹೀರಿ ಗಡ್ಡಿ ಮೊಸರು ಕೊಡುತ್ತದೆ. ಬನಶಂಕರಿಗೆ ಹೋದಾಗ ಕಟಕ ರೊಟ್ಟಿಯ ಜೊತೆ ಪುಟ್ಟ ಗಡಿಗೆಯ ಮೊಸರು ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಎಮ್ಮೆಯ ಹಾಲೂ ಅಂಥಾದ್ದೇ. 2021ರಲ್ಲಿ 'ಧಾರವಾಡಿ' ಎಂಬ ಹೆಸರಿನಿಂದ ಬೇರೆ ತಳಿಯೆಂದೇ ದಾಖಲಾದ ಎಮ್ಮೆ ಗದಗ ಜಿಲ್ಲೆಯದೂ ಹೌದು.

'ನಮ್ಮನಿ ಹೆಪ್ಪ ಕೆಟ್ಟೈತ್ರಿ, ಹಾಲ ಹೆಪ್ಪಾಗವಲ್ದು' ಎನ್ನುವವರು ಒಂದು ಸಂಗತಿ ವಿಚಾರಿಸಬೇಕು. ತಪ್ಪು ಹೆಪ್ಪಿನದೋ, ಹಾಲಿನದೋ? ಕೆಚ್ಚಲು ಬಾವು ಬಂದ ಎಮ್ಮೆಗೆ ಪೆನಿಸಿಲಿನ್‌ನಂಥ ಸೂಜಿ ಮಾಡಿಸಿದರೆ ಕೆಲವು ದಿನ ಆ ಔಷಧಿ ಹಾಲಿಗೂ ಇಳಿಯುತ್ತದೆ. ರೋಗದ ಕ್ರಿಮಿಯನ್ನು ಕೊಲ್ಲುವ ಔಷಧಿ ಹೆಪ್ಪನ್ನು ಬಿಟ್ಟೀತೇ? ಇಂಥ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರಬಾರದು. ಮಾರಿದರೆ ಮನುಷ್ಯರ ಹೊಟ್ಟೆಗೂ ಅದೇ ಹೋಗುತ್ತದೆ. ಬ್ಯಾಸಗಿಯಲ್ಲಿ ಹಾಲು ಒಡೆಯದಿರಲೆಂದು ಸೋಡಾ ಬೆರೆಸುವ ಪುಣ್ಯಾತ್ಮರೂ ಉಂಟು. ಆ ಹಾಲೂ ಬೇಗ ಹೆಪ್ಪಾಗದು. ಮನೆಯಲ್ಲಿ ಹೆಪ್ಪು ಹಾಕುವವರಿಗೆ ಹಾಲಿನ ಇಂಥ ಗುಟ್ಟು ಬೆಳಗಾಗುವುದರೊಳಗೆ ತಿಳಿದುಬಿಡುತ್ತದೆ. ಪೊಟ್ಟಣ ತರುವವರಿಗೆ ಈ ಪರೀಕ್ಷೆ ಎಲ್ಲಿಂದ ಬರಬೇಕು?

ಈಚೆಗೆ ದೊಡ್ಡ ಊರುಗಳಲ್ಲಿ 'ಕೆಫಿರ್' ಎಂಬ ಹೊಸ ಹುಚ್ಚು ಹತ್ತಿದೆ. ಇದು ಕಾಕಸಸ್ ಗುಡ್ಡಗಾಡಿನ ಜನರ ಹುಳಿಹಾಲು. ಅದರ ಹೆಪ್ಪು ಹೂಕೋಸಿನ ಚೂರುಗಳಂತೆ ಗಂಟುಗಂಟಾಗಿರುತ್ತದೆ. ಮೊಸರಿನ ಜೀವಿಗಳ ಬಳಗದ ಜೊತೆಗೆ ಯೀಸ್ಟೂ ಅದರಲ್ಲಿ ಮನೆ ಮಾಡಿರುತ್ತದೆ. ಕಾಸಿ ಆರಿಸಿದ ಹಾಲಿಗೆ ಗಂಟು ಹಾಕಿ, ಒಂದು ದಿನದ ಮೇಲೆ ಸೋಸಿ, ಅದೇ ಗಂಟನ್ನು ಹೊಸ ಹಾಲಿಗೆ ಬಿಡಬೇಕು. ನಮ್ಮ ಬಿಸಿಲಿಗೆ ಅರ್ಧ ದಿನವೂ ಸಾಕಾದೀತು. ಗಂಟು ಬೆಳೆಯುತ್ತ ಹೋಗುತ್ತದೆ, ಹೆಚ್ಚಾದುದನ್ನು ಸ್ನೇಹಿತರಿಗೆ ಹಂಚುತ್ತಾರಂತೆ. ಬೆಟಗೇರಿಯ ಅಕ್ಕಾರು ಬಟ್ಟಲಲ್ಲಿ ಕೊಡುತ್ತಿದ್ದುದೂ ಇದನ್ನೇ ಅಲ್ಲವೆ? ಒಂದೇ ವ್ಯತ್ಯಾಸ. ಕೆಫಿರಿನ ಗಂಟನ್ನು ಸೋಸಿ ತೆಗೆಯಬಹುದು. ನಮ್ಮ ಹೆಪ್ಪು ಮೊಸರಿನಲ್ಲೇ ಕರಗಿರುತ್ತದೆ. ಕೊನೆಯ ಚಮಚ ಉಂಡವರು ಹೆಪ್ಪನ್ನೂ ಉಂಡಂತೆಯೇ. ಆದ್ದರಿಂದ ಉಣ್ಣಲು ಕೂಡುವ ಮುಂಚೆಯೇ ನಾಳಿನದನ್ನು ಬೇರೆ ಬಟ್ಟಲಿಗೆ ತೆಗೆದಿಡಬೇಕು. ವಾರಗಟ್ಟಲೆ ಹಾಗೆಯೇ ಬಿಟ್ಟರೆ ತನ್ನ ಹುಳಿಗೆ ತಾನೇ ಸೊರಗುತ್ತದೆ.

ಊರಿಗೆ ಹೋಗಿ ಬರುವಷ್ಟರಲ್ಲಿ ಹೆಪ್ಪು ಕೆಟ್ಟುಹೋಯಿತೇ? ನೆರೆಮನೆಯಲ್ಲಿ ಕೇಳಲು ಸಂಕೋಚವೇ? ತೊಟ್ಟು ಮುರಿಯದ ಎರಡು ಮೆಣಸಿನಕಾಯಿಯನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ಮುಳುಗಿಸಿ, ಮುಚ್ಚಿ, ಬೆಚ್ಚಗೆ ಇಡಿ. ತೊಟ್ಟಿಗೆ ಅಂಟಿಕೊಂಡ ಜೀವಿಗಳೇ ಹೆಪ್ಪು ಕಟ್ಟುತ್ತವೆ. ಮೊದಲ ದಿನದ್ದು ಜಾಳುಜಾಳಾಗಿರುತ್ತದೆ, ಬೇಸರ ಬೇಡ. ಕೆಟ್ಟ ವಾಸನೆ ಬಂದರೆ ಮಾತ್ರ ಚೆಲ್ಲಿಬಿಡಿ. ಚಲೋ ಇದ್ದರೆ ಅದರದೇ ಒಂದು ಚಮಚ ಮರುದಿನದ ಹಾಲಿಗೆ. ಮೂರನೆಯ ಸಲಕ್ಕೆ ಮೊಸರು ಒಂದು ಹದಕ್ಕೆ ಬರುತ್ತದೆ.