ಟಪಾಲಿನಲ್ಲಿ ಬಂದ ತೇಪೆ

ತೇಪೆ ಎಂದೊಡನೆ ನಮ್ಮ ಧಾರವಾಡದ ಕಡೆಯವರಿಗೆ ನೆನಪಾಗುವದು ಕೌದಿ. ಹಳೆಯ ಸೀರೆ, ಹರಿದ ಧೋತರಗಳ ತುಂಡುಗಳನ್ನು ಕೂಡಿಸಿ ಅಜ್ಜಿ ಹೊಲಿದ ಕೌದಿಯನ್ನು ಡೊಂಬಿವಲಿಯ ಎರಡು ಕೋಣೆಯ ಮನೆಗೂ ಹೊತ್ತು ತಂದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ನಾನು ಈಗ ಹೇಳಹೊರಟಿರುವದು ಬಟ್ಟೆಯ ತೇಪೆಯ ಮಾತಲ್ಲ, ಟಪಾಲಿನಲ್ಲಿ ಬರುವ ತೇಪೆಯ ಮಾತು. ಗಣಕಯಂತ್ರದವರು ಅದನ್ನು ಪ್ಯಾಚ್ ಎಂದು ಕರೆಯುತ್ತಾರೆ.

ಈ ವಿದ್ಯೆ ನನ್ನದಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಬಿ.ಎ. ಪಾಸಾದ ಸರಕಾರಿ ಕಾರಕೂನ. ನಮ್ಮ ಅಕ್ಕನ ಮಗಳು ಐರೋಳಿಯ ಒಂದು ಕಂಪನಿಯಲ್ಲಿ ನೌಕರಿ ಸಿಕ್ಕು ಧಾರವಾಡದಿಂದ ಬಂದು ನಮ್ಮಲ್ಲಿಯೇ ಇದ್ದಾಳೆ. ಮುಂಜಾನೆ ಒಂದೇ ಲೋಕಲ್ ಹಿಡಿಯುತ್ತೇವೆ, ಅವಳು ಹೆಂಗಸರ ಡಬ್ಬಿಯಲ್ಲಿ, ನಾನು ಬಾಗಿಲಿಗೆ ಜೋತುಬಿದ್ದವರ ನಡುವೆ. ಠಾಣೆಯಲ್ಲಿ ನಾನು ಕಚೇರಿಯ ದಾರಿ ಹಿಡಿದರೆ ಅವಳು ವಾಶಿಯ ಗಾಡಿಗೆ ಓಡುತ್ತಾಳೆ. ದಿನವೆಲ್ಲ ಅಲ್ಲಿ ಅವಳು ಏನು ಮಾಡುತ್ತಾಳೆಂಬುದು ಈ ಮಳೆಗಾಲದವರೆಗೆ ನನಗೆ ತಿಳಿದಿರಲಿಲ್ಲ. ಐರೋಳಿಗೂ ಮಹಾಪೆಗೂ ಮಕ್ಕಳನ್ನು ಕಳಿಸುವ ಎಷ್ಟೋ ತಾಯಿತಂದೆಗಳ ಸ್ಥಿತಿಯೂ ಇದೇ ಇರಬೇಕು.

ನಡೆದುದು ಇಷ್ಟು. ನಮ್ಮ ಕೆಳಗಿನ ಮಜಲೆಯಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರಿದ್ದಾರೆ. ಮಗನ ಹಳೆಯ ಗಣಕಯಂತ್ರದ ಮೇಲೆ ತಮ್ಮ ಬಾಳಿನ ನೆನಪುಗಳನ್ನು ಬರೆಯುತ್ತಿದ್ದಾರೆ. ಅದರಲ್ಲಿಯ ಪ್ರೋಗ್ರಾಮು ಪುಕ್ಕಟೆಯಾಗಿ ಸಿಗುವಂಥದು, ಸೂಚನೆಗಳೆಲ್ಲ ಕನ್ನಡದಲ್ಲಿ. ಒಂದು ಸಂಜೆ ಎಂಟು ಪುಟ ಬರೆದು ಕಾದಿಡುವ ಗುಂಡಿ ಒತ್ತಿದರೆ ಪರದೆಯ ಮೇಲೆ ಮೂಡಿದ ಮಾತು: “ಕಡತವನ್ನು ಅಳಿಸಲಾಗಿದೆ.” ಮಾಸ್ತರರು ಎದೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಮ್ಮ ಹುಡುಗಿ ಹೋಗಿ ನೋಡಿದರೆ ಪುಟಗಳೆಲ್ಲ ಇದ್ದಲ್ಲಿಯೇ ಇದ್ದವು. ‘ಉಳಿಸಲಾಗಿದೆ’ ಎಂದಿರಬೇಕಾದಲ್ಲಿ ಯಾರೋ ‘ಅಳಿಸಲಾಗಿದೆ’ ಎಂದು ಬರೆದಿದ್ದರು! ಒಂದು ಅಕ್ಷರ. ಮಾಸ್ತರರ ವಯಸ್ಸು ಎಪ್ಪತ್ತೆಂಟು.

ಇಂಥ ಪ್ರೋಗ್ರಾಮುಗಳಲ್ಲಿ ತಪ್ಪು ಕಂಡವರು ಯಾರಾದರೂ ದುರುಸ್ತಿ ಕಳಿಸಬಹುದಂತೆ. ಕಳಿಸುವ ರೀತಿ ಕೇಳಿದಾಗ ನನಗೆ ನಮ್ಮ ಕಚೇರಿಯೇ ಕಣ್ಣಿಗೆ ಕಟ್ಟಿತು. ನಿಯಮಗಳ ದಪ್ಪ ಪುಸ್ತಕ ಬದಲಾದಾಗ ಸರಕಾರ ಹೊಸ ಪುಸ್ತಕ ಕಳಿಸುವದಿಲ್ಲ, ತಿದ್ದುಪಡಿ ಚೀಟಿ ಕಳಿಸುತ್ತದೆ. ಇಂಥ ಪುಟ, ಇಂಥ ಪರಿಚ್ಛೇದ, ಈ ಮಾತನ್ನು ತೆಗೆದು ಆ ಮಾತನ್ನು ಸೇರಿಸಿರಿ ಎಂದು. ಕಾರಕೂನನು ಆವಕದಲ್ಲಿ ದಾಖಲು ಮಾಡಿ, ಕತ್ತರಿಸಿ, ಅಂಟು ಹಚ್ಚಿ ಪುಸ್ತಕಕ್ಕೆ ಅಂಟಿಸತಕ್ಕದ್ದು. ಪ್ಯಾಚ್ ಎಂಬುದು ಇದೇ. ತೆಗೆಯಬೇಕಾದ ಸಾಲಿನ ಮುಂದೆ ವಜಾ ಚಿಹ್ನೆ, ಸೇರಿಸಬೇಕಾದ ಸಾಲಿನ ಮುಂದೆ ಅಧಿಕ ಚಿಹ್ನೆ, ಗುರುತಿಗಾಗಿ ಮೇಲೆ ಮೂರು ಸಾಲು, ಕೆಳಗೆ ಮೂರು ಸಾಲು.

ಈ ಗುರುತಿನ ಸಾಲುಗಳ ಬೆಲೆ ನನಗೆ ಚೆನ್ನಾಗಿ ಗೊತ್ತು. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಚೀಟಿಯನ್ನು ಹಿಂದುಮುಂದಿನ ಸಾಲು ನೋಡದೆ, ಪುಟದ ಸಂಖ್ಯೆಯನ್ನಷ್ಟೇ ನೋಡಿ, ಹಳೆಯ ಆವೃತ್ತಿಯ ಪುಸ್ತಕಕ್ಕೆ ಅಂಟಿಸಿಬಿಟ್ಟೆ. ಆ ಪುಟದ ಆಧಾರದ ಮೇಲೆ ಲೆಕ್ಕ ಹಾಕಿದ ಒಬ್ಬ ಸಿಪಾಯಿಯ ಪೆನ್ಶನ್ ಕಾಗದ ನಾಲ್ಕು ತಿಂಗಳು ಅತ್ತಿಂದಿತ್ತ ತಿರುಗಾಡಿತು. ಆತ ಪ್ರತಿ ಸೋಮವಾರ ಬಂದು ನನ್ನ ಮೇಜಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಬೈದಿದ್ದರೂ ಚೆನ್ನಾಗಿತ್ತು.

ಪ್ಯಾಚಿನ ಇತಿಹಾಸ ಸಣ್ಣದೇ. ಎರಡು ಬರಹಗಳ ವ್ಯತ್ಯಾಸವನ್ನು ಹೆಕ್ಕಿ ತೆಗೆಯುವ ಡಿಫ್ ಎಂಬ ಸಾಧನ 1970ರ ದಶಕದಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಆ ವ್ಯತ್ಯಾಸವನ್ನು ತಿರುಗಿ ಅಂಟಿಸುವ ಪ್ಯಾಚ್ ಎಂಬ ಪ್ರೋಗ್ರಾಮನ್ನು 1985ರಲ್ಲಿ ಲ್ಯಾರಿ ವಾಲ್ ಬರೆದರು. 1991ರಲ್ಲಿ ಲಿನಕ್ಸ್ ಆರಂಭಿಸಿದ ಫಿನ್‌ಲಂಡಿನ ಲೀನಸ್ ಟೋರ್ವಾಲ್ಡ್ಸ್ ಅವರು ವರ್ಷಾನುಗಟ್ಟಲೆ ಜಗತ್ತಿನ ನಾನಾ ಕಡೆಗಳಿಂದ ಈಮೇಲಿನಲ್ಲಿ ಬಂದ ತೇಪೆಗಳನ್ನು ತಾವೇ ಅಂಟಿಸುತ್ತಿದ್ದರು. 2002ರಿಂದ ಅವರು ಬಳಸಿದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನದ ಪುಕ್ಕಟೆ ಪರವಾನಿಗೆ 2005ರಲ್ಲಿ ನಿಂತುಹೋಯಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅವರೇ ಕುಳಿತು ಗಿಟ್ ಎಂಬುದನ್ನು ಬರೆಯತೊಡಗಿದರು. ಜುಲೈಯಿಂದ ಅದರ ಉಸ್ತುವಾರಿ ಜುನಿಯೋ ಹಮಾನೋ ಅವರದು. ಲಿನಕ್ಸಿನ ತಿರುಳಿಗೂ ಗಿಟ್‌ಗೂ ಇಂದಿಗೂ ತೇಪೆಗಳು ಮೇಲಿನಲ್ಲಿಯೇ ಬರುತ್ತವೆ.

ಗಿಟ್ ಎಂದರೆ ಒಂದು ದಫ್ತರವೆಂದು ತಿಳಿಯಿರಿ. ಯಾವ ಬದಲು, ಯಾರು ಮಾಡಿದರು, ಎಂದು, ಯಾತಕ್ಕೆ ಎಲ್ಲವೂ ಅದರಲ್ಲಿ ದಾಖಲು. ಕಳಿಸುವವರು ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ ಎಂದು ಅಪ್ಪಣೆ ಕೊಟ್ಟರೆ ತೇಪೆಯು ಮೇಲಿನ ರೂಪದಲ್ಲಿ ಸಿದ್ಧವಾಗುತ್ತದೆ. ಪಡೆದವರು ‘ಗಿಟ್ ಏಎಂ’ ಎನ್ನುತ್ತಾರೆ. ಏಎಂ ಎಂದರೆ ಮುಂಜಾನೆಯಲ್ಲ, ಅಪ್ಲೈ ಮೇಲ್‌ಬಾಕ್ಸ್ ಎಂಬುದರ ಮೊದಲಕ್ಷರಗಳು. ಅದು ಪತ್ರವನ್ನು ಒಡೆದು, ಕಳಿಸಿದವರ ಹೆಸರು, ತಾರೀಖು, ವಿಷಯ ತೆಗೆದುಕೊಂಡು, ತೇಪೆಯನ್ನು ಅಂಟಿಸಿ ದಾಖಲು ಮಾಡುತ್ತದೆ. ಹಳೆಯ ಪ್ಯಾಚ್ ಪ್ರೋಗ್ರಾಮು ಉದಾರಿ, ಗುರುತಿನ ಸಾಲು ಒಂದೆರಡು ಹೊಂದದಿದ್ದರೂ ಅಂಟಿಸಿಬಿಡುತ್ತದೆ. ಗಿಟ್ ಹಾಗಲ್ಲ. ಸಾಲಿನ ಸಂಖ್ಯೆ ಹಿಂದುಮುಂದಾದರೆ ಕ್ಷಮಿಸುತ್ತದೆ, ಆದರೆ ಗುರುತಿನ ಸಾಲು ತಂತಾನೇ ಒಂದು ಅಕ್ಷರ ಬದಲಾಗಿದ್ದರೂ ಕೈಯೆತ್ತಿ ನಿಂತುಬಿಡುತ್ತದೆ. ಆಗ ಸರಿಪಡಿಸಿ ಮುಂದುವರಿಸಬಹುದು, ಇಲ್ಲವೇ ‘ಅಬಾರ್ಟ್’ ಎಂದು ಹೇಳಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರಬಹುದು. ಅಂಥ ಸೌಲಭ್ಯ ನನ್ನ ಅಂಟಿನ ಡಬ್ಬಿಗೆ ಇರಲಿಲ್ಲ.

ನಮ್ಮ ಹುಡುಗಿಯ ತೇಪೆ ಹತ್ತಲಿಲ್ಲ. ಉಸ್ತುವಾರಿಯವರು ಪರದೇಶದವರು, ಕನ್ನಡ ಬಾರದವರು. ಅವರ ಮರುಟಪಾಲಿನಲ್ಲಿ ಗಿಟ್ ಹೇಳಿದ ಮಾತನ್ನೇ ಇಳಿಸಿ ಕಳಿಸಿದ್ದರು: ತೇಪೆಯನ್ನು ನೀವು ಕೈಯಿಂದ ತಿದ್ದಿದಿರೇನು? ಯಂತ್ರವು ಹೀಗೆ ನೇರವಾಗಿ ಕೇಳುವದೂ ಉಂಟೇ ಎಂದು ನನಗೆ ಬಲು ಸೋಜಿಗವಾಯಿತು.

“ಮಾಮಾ, ಸಾಲು ಅದಽ ಅದ, ಅಕ್ಷರ ಅದಽ ಅವ, ಆದ್ರೂ ಹೊಂದೂದಿಲ್ಲ ಅಂತದ ನೋಡ್ರಿ,” ಎಂದು ಕಣ್ಣಲ್ಲಿ ನೀರು ತಂದಳು.

“ನೀ ಏನರೆ ಮುಟ್ಟಿದ್ದೇನವಾ?”

ಮುಟ್ಟಿದ್ದಳು. ಸಿದ್ಧವಾದ ತೇಪೆಯನ್ನು ‘ಗಿಟ್ ಸೆಂಡ್-ಈಮೇಲ್’ ಮೂಲಕ ಕಳಿಸುವದು ಬಿಟ್ಟು ಮೇಲಿನ ಕಿಟಕಿಯಲ್ಲಿ ಸುರುವಿದ್ದಳು. ಆ ಕಿಟಕಿ ಉದ್ದನ್ನ ಸಾಲೊಂದನ್ನು ನಡುವೆ ಮುರಿಯಿತು. ಅಂದವಾಗಿ ಕಾಣಲೆಂದು ಆ ಸಾಲನ್ನು ತಾನೇ ತಿರುಗಿ ಬೆರಳಚ್ಚು ಮಾಡಿದಳು. ಅದರಲ್ಲಿ ‘ಕೊನೆಯ’ ಎಂಬ ಶಬ್ದವಿತ್ತು.

ಇಲ್ಲಿದೆ ನಮ್ಮ ಕನ್ನಡದ್ದೇ ಆದ ಒಂದು ಮಾಯೆ. 1991ರಿಂದ ಕನ್ನಡಕ್ಕೆ ಯುನಿಕೋಡಿನಲ್ಲಿ ಜಾಗವಿದೆಯಷ್ಟೆ. ಅದರಲ್ಲಿ ‘ಕೊ’ ಎಂಬುದನ್ನು ಎರಡು ಬಗೆಯಾಗಿ ಬರೆಯಬಹುದು: ಕಕ್ಕೆ ಒತ್ವದ ಒಂದೇ ಚಿಹ್ನೆ ಕೊಟ್ಟು, ಇಲ್ಲವೇ ಎತ್ವ ಮತ್ತು ಕೊಂಬಿನಿಳಿ ಎಂದು ಎರಡು ಚಿಹ್ನೆ ಕೊಟ್ಟು. ಕಣ್ಣಿಗೆ ಎರಡೂ ಒಂದೇ. ಆದರೆ ಯುಟಿಎಫ್-8 ಎಂಬ ರೂಢಿಯ ಲಿಪಿಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟು ಬೇಕಾಗುವದರಿಂದ ಮೊದಲನೆಯದು 6 ಬೈಟು, ಎರಡನೆಯದು 9. ಮೂಲ ಕಡತದಲ್ಲಿ ಒಡೆದ ‘ಕೊ’ ಇತ್ತು, ಇವಳು ಬರೆದದ್ದು ಇಡಿಯ ‘ಕೊ’. ಇದನ್ನು ಹಿಡಿಯಲು ಅವಳಿಗೆ ಎರಡು ರಾತ್ರಿ ಬೇಕಾದವು. ಇಂಗ್ಲಿಷಿನ ಹುಡುಗರಿಗೆ ಟ್ಯಾಬು ಹೋಗಿ ಖಾಲಿ ಜಾಗ ಬಂದರೆ ತೇಪೆ ಕೆಡುವ ಕಾಟವಂತೆ. ನಮಗೆ ಅದರ ಜೊತೆಗೆ ಕಾಗುಣಿತದ ಕಾಟ!

ಎರಡನೆಯ ಸಲ ಏನನ್ನೂ ಮುಟ್ಟದೆ ಕಳಿಸಿದಳು. ಮೂರನೆಯ ದಿನ ತೇಪೆ ಹತ್ತಿತು.

ದಾಖಲೆಯನ್ನು ಅವಳು ನನಗೆ ತೋರಿಸಿದಳು. ಗಿಟ್ ಎರಡು ಹೆಸರು ಇಡುತ್ತದೆ, ಬದಲು ಬರೆದವರದೊಂದು, ಅಂಟಿಸಿದವರದೊಂದು. ನಮ್ಮಲ್ಲಿ ಕರಡು ನಮ್ಮದು, ಸಹಿ ಸಾಹೇಬರದು. ಕಡತ ಕಪಾಟಿಗೆ ಹೋದ ಮೇಲೆ ಕರಡು ಬರೆದವನಾರೆಂದು ಅವನ ಹೆಂಡತಿಗೆ ಹೊರತು ಯಾರಿಗೂ ತಿಳಿಯದು. ಇಲ್ಲಿ ಉಸ್ತುವಾರಿಯವರ ಹೆಸರಿನ ಮೇಲುಗಡೆ ಅವಳ ಹೆಸರು, ಅದೂ ಕನ್ನಡ ಅಕ್ಷರಗಳಲ್ಲಿ, ತಪ್ಪಿಲ್ಲದೆ ನಿಂತಿತ್ತು. ಕೆಳಗೆ ಕಾರಣ: ಉಳಿಸಿದಾಗ ಅಳಿಸಲಾಗಿದೆ ಎಂದು ಬರುತ್ತಿದೆ, ವೃದ್ಧರು ಗಾಬರಿಯಾಗುತ್ತಾರೆ.

ಅಕ್ಕನಿಗೆ ಫೋನು ಹೋಯಿತು. ಎಲ್ಲವನ್ನೂ ಕೇಳಿದ ಅಕ್ಕ, “ಹಂಗಾದರ ಪಗಾರ ಎಷ್ಟು ಹೆಚ್ಚಾತು?” ಎಂದಳು. ಹುಡುಗಿ ನಕ್ಕು, ಆ ಕಡತದಲ್ಲಿ ಇನ್ನೂ ಹದಿನೇಳು ತಪ್ಪುಗಳಿವೆಯೆಂದು ಹೇಳಿ ಫೋನು ಇಟ್ಟು ಮತ್ತೆ ಯಂತ್ರದ ಮುಂದೆ ಕುಳಿತಳು.