ಪ್ರೊಬೇಷನ್ ಷರತ್ತು ಮುರಿದರೆ ಏನಾಗುತ್ತದೆ?

ಪ್ರಶ್ನೆ: ಪ್ರೊಬೇಷನ್ ಮೇಲೆ ಬಿಡುಗಡೆಯಾದವರು ಷರತ್ತು ಮೀರಿದರೆ ನೇರ ಜೈಲಿಗೇ ಹೋಗಬೇಕೆ?

ಉತ್ತರ: ಹಾಗೇನಿಲ್ಲ. ನಮ್ಮಲ್ಲಿ ಇದಕ್ಕೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯೇ ಆಧಾರ. ತಪ್ಪು ಸಾಬೀತಾದರೂ ಶಿಕ್ಷೆ ವಿಧಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಗರಿಷ್ಠ ಮೂರು ವರ್ಷದ ಅವಧಿಗೆ ಬಿಡಬಹುದು. ಇಂತಲ್ಲೇ ವಾಸವಿರಬೇಕು, ಕುಡಿಯಬಾರದು ಎಂಬಂಥ ಷರತ್ತುಗಳೂ ಇರಬಹುದು.

ಷರತ್ತು ಮುರಿದ ಸುದ್ದಿ ಪ್ರೊಬೇಷನ್ ಅಧಿಕಾರಿಯ ವರದಿಯಿಂದಲೋ ಬೇರೆ ದಾರಿಯಿಂದಲೋ ತಲುಪಿದರೆ, ನ್ಯಾಯಾಲಯ ವಾರಂಟ್ ಹೊರಡಿಸಬಹುದು. ಇಲ್ಲವೇ ಜಾಮೀನುದಾರರ ಸಮೇತ ಸಮನ್ಸ್ ಕೊಟ್ಟು ಕರೆಸಬಹುದು. ವಿಚಾರಣೆಯಲ್ಲಿ ಅದು ನಿಜವೆಂದಾದರೆ, ಅಂದು ತಡೆದಿದ್ದ ಮೂಲ ಅಪರಾಧದ ಶಿಕ್ಷೆಯನ್ನು ಈಗ ವಿಧಿಸಬಹುದು. ಮೊದಲ ಸಲದ ತಪ್ಪಾದರೆ ಮುಚ್ಚಳಿಕೆಯನ್ನು ಹಾಗೇ ಉಳಿಸಿ, ಹೆಚ್ಚೆಂದರೆ 50 ರೂಪಾಯಿ ದಂಡ ಹಾಕಲೂ ಅವಕಾಶವಿದೆ. ಮೊತ್ತ ಸಣ್ಣದೆಂದು ಉದಾಸೀನ ಮಾಡಬೇಡಿ. ಗಡುವಿನೊಳಗೆ ಕಟ್ಟದಿದ್ದರೆ ಮೂಲ ಶಿಕ್ಷೆಯೇ ಬೀಳಬಹುದು.

ಇನ್ನೊಂದು ನಷ್ಟವನ್ನು ಬಹಳ ಜನ ಗಮನಿಸುವುದಿಲ್ಲ. ದೋಷಿ ಎನಿಸಿಕೊಂಡದ್ದರಿಂದ ಬರುವ ಅನರ್ಹತೆಗಳಿಂದ ಕಾಯ್ದೆಯ 12ನೇ ಕಲಂ ರಕ್ಷಿಸುತ್ತದೆ. ಮೂಲ ಅಪರಾಧಕ್ಕೆ ಶಿಕ್ಷೆಯಾದರೆ ಆ ರಕ್ಷಣೆ ಹೋಯಿತು. ನನ್ನ ಮಟ್ಟಿಗೆ ಇದೇ ದೊಡ್ಡ ಪೆಟ್ಟು.

ಕೆಲಸಕ್ಕಾಗಿ ಊರು ಬಿಡಬೇಕಾಗಿ ಬಂದರೆ ಮೊದಲೇ ಪ್ರೊಬೇಷನ್ ಅಧಿಕಾರಿಗೆ ತಿಳಿಸಿ. ಅವರು ಅರ್ಜಿ ಸಲ್ಲಿಸಿದರೆ ನ್ಯಾಯಾಲಯ ಷರತ್ತನ್ನು ಬದಲಿಸಬಹುದು.