ಕೆಲಸ ಯಾರ ಕೈಯಲ್ಲಿದೆ?

ಬಂಡೆಯಲ್ಲಿ ಕೊರೆದ ತೂತುಗಳಿಗೆ ಮದ್ದು ತುಂಬಿ ಸಿಡಿಸಿದಾಗ ಒಂದೋ ಎರಡೋ ಸಿಡಿಯದೆ ಉಳಿದುಬಿಡುವುದುಂಟು. ಗಣಿಯವರು ಇದನ್ನು ಮಿಸ್‌ಫೈರ್ ಎನ್ನುತ್ತಾರೆ. ಆ ಪಾಳಿಯಲ್ಲಿದ್ದವರಿಗೆ ಅದು ಗೊತ್ತಿರುತ್ತದೆ. ಅವರು ಗಣಿಯ ಲಿಫ್ಟಾದ ಕೇಜ್ ಹತ್ತಿ ಮೇಲೆ ಬಂದು ಮನೆ ಸೇರುತ್ತಾರೆ. ಮುಂದಿನ ಪಾಳಿಯವನು ಕೆಳಗಿಳಿದು, ಏನೂ ತಿಳಿಯದೆ ಅದೇ ಬಂಡೆಗೆ ಡ್ರಿಲ್ ಇಟ್ಟರೆ ಜೀವಕ್ಕೇ ಸಂಚಕಾರ. ಅದಕ್ಕಾಗಿಯೇ ಭಾರತದ ಲೋಹದ ಗಣಿಗಳಿಗೆ 1961ರಲ್ಲಿ ಬಂದ ನಿಯಮಗಳು ಮದ್ದು ಸಿಡಿಸುವ ಬ್ಲಾಸ್ಟರ್‌ಗೆ ಒಂದು ಕಟ್ಟುಪಾಡು ಹಾಕಿದವು. ಪಾಳಿ ಮುಗಿದ ಕೂಡಲೇ ಆತ ಎಷ್ಟು ಮದ್ದು ಪಡೆದೆ, ಎಷ್ಟು ಬಳಸಿದೆ, ಎಷ್ಟು ಹಿಂದಿರುಗಿಸಿದೆ, ಎಲ್ಲಿ ಎಷ್ಟು ಸಿಡಿಸಿದೆ, ಸಿಡಿಯದೆ ಉಳಿದದ್ದೆಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ಬಿಡಿ ಹಾಳೆಗಳದ್ದಾಗಿರಬಾರದು. ಹೊಲಿದಿರಬೇಕು, ಪುಟಗಳಿಗೆ ಸಂಖ್ಯೆ ಇರಬೇಕು. ಒಂದು ಹಾಳೆ ಹರಿದು ತೆಗೆದರೂ ಗೊತ್ತಾಗಿಬಿಡಬೇಕು.

ಹಲವರು ಸೇರಿ ಮಾಡುವ ಕೆಲಸವನ್ನು ಹಂಚಿ, ಜೋಡಿಸಿ, ಲೆಕ್ಕ ಇಡುವ ತಂತ್ರಾಂಶಗಳ ಬಗ್ಗೆ ಹೇಳಬೇಕಾದ ಈ ಅಧ್ಯಾಯವನ್ನು ಗಣಿಯಿಂದ ತೊಡಗಿದ್ದಕ್ಕೆ ಕಾರಣವಿದೆ. ಕೋಲಾರ ಚಿನ್ನದ ಗಣಿಯನ್ನೇ ನೋಡಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳಲ್ಲಿ ಸಾವಿರಾರು ಜನ ದುಡಿದರು. ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲವೂ ಕಲೆತ ಜಾಗ. ಒಬ್ಬ ಬಿಟ್ಟ ಕೆಲಸವನ್ನು ಅವನ ಮುಖವನ್ನೂ ನೋಡದ ಇನ್ನೊಬ್ಬ ಮುಂದುವರಿಸಬೇಕಾಗಿತ್ತು. ಯಾವ ಕೆಲಸ, ಯಾರ ಕೈಯಲ್ಲಿದೆ, ಎಲ್ಲಿಗೆ ಬಂದಿದೆ: ಈ ಮೂರು ಪ್ರಶ್ನೆಗೆ ಯಾವ ಗಳಿಗೆಯಲ್ಲಿ ಕೇಳಿದರೂ ಉತ್ತರ ಸಿಗಬೇಕು. ತಂತ್ರಾಂಶ ಮಾಡಬೇಕಾದದ್ದೂ ಇಷ್ಟನ್ನೇ. ಇದರ ಹೊರಗಿರುವುದೆಲ್ಲ ಅಲಂಕಾರ ಎಂಬುದು ನನ್ನ ಎಣಿಕೆ.

ಗಣಿಗಳ ಟೋಕನ್ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಲಸಗಾರನ ಸಂಖ್ಯೆ ಕೊರೆದ ಲೋಹದ ಬಿಲ್ಲೆಯೊಂದನ್ನು ದೀಪದ ಕೋಣೆಯಲ್ಲಿ ಕೊಟ್ಟು, ತಲೆಗೆ ಕಟ್ಟುವ ದೀಪ ಪಡೆದು ಕೆಳಗಿಳಿಯುವುದು ಕ್ರಮ. ಮೇಲೆ ಬಂದು ದೀಪ ಒಪ್ಪಿಸಿದಾಗ ಬಿಲ್ಲೆ ವಾಪಸು. ಪಾಳಿ ಮುಗಿದ ಮೇಲೂ ಆ ಕೋಣೆಯ ಹಲಗೆಯ ಮೊಳೆಯಲ್ಲಿ ಒಂದು ಬಿಲ್ಲೆ ತೂಗುತ್ತಿದ್ದರೆ, ಆ ಸಂಖ್ಯೆಯ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಓದಲು ಬಾರದವರೂ ಅದನ್ನು ನೋಡಿ ತಿಳಿಯಬಹುದಿತ್ತು. 1952ರ ಗಣಿ ಕಾಯ್ದೆ ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳಿತು: ಯಾವುದೇ ಕ್ಷಣದಲ್ಲಿ ನೆಲದಡಿ ಇರುವ ಪ್ರತಿಯೊಬ್ಬರ ಹೆಸರನ್ನೂ ದಾಖಲೆ ಪುಸ್ತಕ ತೋರಿಸಬೇಕು.

ಬಿಲ್ಲೆಗೆ ಒಂದು ಗುಣವಿದೆ. ಅದು ಏಕಕಾಲಕ್ಕೆ ಎರಡು ಕಡೆ ಇರಲಾರದು. ಕಂಪ್ಯೂಟರಿನೊಳಗಿನ ದಾಖಲೆಗೆ ಈ ಗುಣ ತಾನಾಗಿ ಬರುವುದಿಲ್ಲ, ಅದನ್ನು ಕಟ್ಟಿಕೊಡಬೇಕು. ತಂತ್ರಾಂಶದಲ್ಲಿ ಪ್ರತಿ ಕೆಲಸವೂ ದತ್ತಾಂಶ ಕೋಶದ ಒಂದು ಸಾಲು. ಅದಕ್ಕೊಂದು ಗುರುತಿನ ಸಂಖ್ಯೆ, ತಲೆಬರಹ, ಹೊಣೆ ಹೊತ್ತವರ ಹೆಸರು, ಗಡುವು ಮತ್ತು ಹಂತ. ಬಂಗಾರಪೇಟೆಯಲ್ಲಿ ಕೂತ ಒಬ್ಬರು, ಬೆಂಗಳೂರಿಗೆ ಹೋಗುವ ರೈಲಿನಲ್ಲಿರುವ ಇನ್ನೊಬ್ಬರು ಒಂದೇ ಸಾಲನ್ನು ಒಟ್ಟಿಗೆ ತೆರೆದರೆಂದುಕೊಳ್ಳಿ. ಮೊದಲನೆಯವರು ‘ಮುಗಿಯಿತು’ ಎಂದು ಗುರುತಿಸುತ್ತಾರೆ. ಸಿಗ್ನಲ್ ಇಲ್ಲದ ಕಡೆ ಇದ್ದ ಎರಡನೆಯವರು ಹಳೆಯ ಪ್ರತಿಯನ್ನೇ ತಿದ್ದಿ, ಸಿಗ್ನಲ್ ಬಂದಾಗ ಕಳಿಸುತ್ತಾರೆ. ಒರಟು ತಂತ್ರಾಂಶವಾದರೆ ಕೊನೆಗೆ ಬಂದದ್ದನ್ನು ಉಳಿಸಿಕೊಂಡು ಮೊದಲನೆಯವರ ತಿದ್ದುಪಡಿಯನ್ನು ಸದ್ದಿಲ್ಲದೆ ಅಳಿಸಿಬಿಡುತ್ತದೆ. ಒಳ್ಳೆಯದು ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆ ಇಟ್ಟಿರುತ್ತದೆ. ಏಳನೇ ಆವೃತ್ತಿಯನ್ನು ತಿದ್ದಿ ಕಳಿಸಿದ್ದೀರಿ, ಇಲ್ಲಿ ಈಗಾಗಲೇ ಎಂಟನೆಯದು ಇದೆ, ನೋಡಿ ಮತ್ತೆ ತಿದ್ದಿ ಎಂದು ಹಿಂದಕ್ಕೆ ಕಳಿಸುತ್ತದೆ. ಜೊತೆಗೆ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಚರಿತ್ರೆಯನ್ನು ಅಳಿಸಲಾಗದಂತೆ ಕಾಪಾಡುತ್ತದೆ. ಬ್ಲಾಸ್ಟರನ ಹೊಲಿದ ಪುಸ್ತಕ ಮಾಡುತ್ತಿದ್ದುದೂ ಇದನ್ನೇ.

ಈ ತಂತ್ರಾಂಶಗಳ ಹುಟ್ಟಿನ ಕತೆ ಚಿಕ್ಕದು. ತಂತ್ರಾಂಶ ಬರೆಯುವವರು ತಮ್ಮದೇ ದೋಷಗಳ ಲೆಕ್ಕವಿಡಲು ಕಟ್ಟಿಕೊಂಡ ಬಗ್‌ಜಿಲ್ಲಾ 1998ರದ್ದು. 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯ ಜಿರಾ, 2004ರಲ್ಲಿ ಬೇಸ್‌ಕ್ಯಾಂಪ್, 2011ರಲ್ಲಿ ಟ್ರೆಲ್ಲೊ ಬಂದವು. ಟ್ರೆಲ್ಲೊದಲ್ಲಿ ಕೆಲಸಗಳು ಒಂದು ಹಲಗೆಯ ಮೇಲೆ ಚೀಟಿಗಳಾಗಿ, ‘ಮಾಡಬೇಕು’, ‘ನಡೆಯುತ್ತಿದೆ’, ‘ಆಯಿತು’ ಎಂಬ ಕಂಬಸಾಲುಗಳಲ್ಲಿ ಎಡದಿಂದ ಬಲಕ್ಕೆ ಸರಿಯುತ್ತವೆ. ಇದರ ಬೇರು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಢಿಗೆ ತಂದ ಕಾನ್‌ಬಾನ್ ಚೀಟಿಗಳಲ್ಲಿದೆ.

ಇಷ್ಟೆಲ್ಲ ಯಾಕೆ, ವಾಟ್ಸಾಪ್ ಗುಂಪು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಶಾಲೆಯ ವಾರ್ಷಿಕೋತ್ಸವಕ್ಕೆ ಶಾಮಿಯಾನದವರನ್ನು ಯಾರಾದರೂ ವಿಚಾರಿಸಿ ಎಂದು ಗುಂಪಿನಲ್ಲಿ ಹಾಕಿದರೆ ಮೂವತ್ತು ಹೆಬ್ಬೆರಳು ಬರುತ್ತವೆ, ಶಾಮಿಯಾನ ಬರುವುದಿಲ್ಲ. ಹೆಬ್ಬೆರಳು ಒತ್ತಿದವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಇನ್ಯಾರೋ ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರೂ ನಂಬಿರುತ್ತಾರೆ, ಅಷ್ಟೆ. ಮಾತು ಹರಿದು ಮೇಲೆ ಹೋಗುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ. ಅನುಭವಸ್ಥರು ಒಂದು ಕೆಲಸಕ್ಕೆ ಒಂದೇ ಹೆಸರು ಇರಲಿ ಎನ್ನುವುದು ಇದಕ್ಕೇ. ನೆರವಿಗೆ ಹತ್ತು ಜನ ಬರಲಿ, ಕೇಳಿದಾಗ ಉತ್ತರಿಸುವವರು ಒಬ್ಬರಿರಬೇಕು.

ಕನ್ನಡಿಗರು ಅರಿವಿಲ್ಲದೆಯೇ ಇಂಥ ಎರಡು ದೊಡ್ಡ ವ್ಯವಸ್ಥೆಗಳ ಬಳಕೆದಾರರು. ಪಹಣಿಗಳ ‘ಭೂಮಿ’ ಯೋಜನೆಯಲ್ಲಿ ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದದ್ದಕ್ಕೆ ಮೊದಲ ಸರದಿ ಎಂಬ ನಿಯಮವನ್ನು ತಂತ್ರಾಂಶದೊಳಗೇ ಕೂಡಿಸಿದರು. ಬೇಕಾದವರ ಅರ್ಜಿಯನ್ನು ಮೇಲಕ್ಕೆ ಎತ್ತಿಡುವ ಕೈಚಳಕಕ್ಕೆ ಅದು ಅಡ್ಡ ನಿಂತಿತು. 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ವಿಸ್ತರಿಸಿದ, ಸರ್ಕಾರಿ ಸೇವೆಗಳ ‘ಸಕಾಲ’ ಯೋಜನೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟವರ ಕೈಗೂ 15 ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಸೇವೆಗೆ ಇಷ್ಟು ದಿನ ಎಂಬ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ದುಡ್ಡು ಅಲ್ಪ. ಆದರೆ ಕಚೇರಿಯ ಒಳಗಿನ ಕೆಲಸದ ಹಲಗೆಯ ಒಂದು ಮೂಲೆಯಾದರೂ ಹೊರಗಿನವರಿಗೆ ಕಾಣುವಂತಾಯಿತಲ್ಲ, ಅದು ಅಲ್ಪವಲ್ಲ.

ಸಂಬಳ, ಸಾಹೇಬರು ಇಲ್ಲದ ಕಡೆಯೂ ಇಂಥ ಕೆಲಸ ಹಂಚಿಕೆ ನಡೆಯುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳನ್ನು ಎಲ್ಲೆಲ್ಲೋ ಇರುವ ಕನ್ನಡಿಗರು ಪುಟಪುಟವಾಗಿ ಹಂಚಿಕೊಂಡು ತಿದ್ದುತ್ತಾರೆ. ಕರಡು ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಎರಡನೆಯವರು ಪರಿಶೀಲಿಸಿ ಒಪ್ಪಿದ್ದಕ್ಕೆ ಹಸಿರು. ಹಳದಿ ಮಾಡಿದವರೇ ಅದೇ ಪುಟವನ್ನು ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಎರಡು ಜೊತೆ ಕಣ್ಣು ಬೇಕೇಬೇಕು. ಪುಸ್ತಕ ತೆರೆದರೆ ಬಣ್ಣಗಳ ಪಟ್ಟಿಯೇ ಎಲ್ಲವನ್ನೂ ಹೇಳುತ್ತದೆ. ಯಾರನ್ನೂ ಕೇಳದೆ, ಯಾರ ಅಪ್ಪಣೆಗೂ ಕಾಯದೆ ಒಂದು ಕೆಂಪು ಪುಟ ಹಿಡಿದು ಕೂರಬಹುದು. ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಕೆಲಸ ಹಂಚಿಕೆಯ ಇಷ್ಟು ಸೊಗಸಾದ ಮಾದರಿ ಇನ್ನೊಂದಿಲ್ಲ.

ಲೆಕ್ಕವಿಡುವ ಪುಸ್ತಕಕ್ಕೆ ಇನ್ನೊಂದು ಮುಖವೂ ಇದೆ. 1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವುದನ್ನು ಕಡ್ಡಾಯ ಮಾಡಹೊರಟಾಗ ಕೋಲಾರ ಚಿನ್ನದ ಗಣಿಯ ಕೆಲಸಗಾರರು ದಿನಗಟ್ಟಲೆ ಮುಷ್ಕರ ಹೂಡಿದರು. ಅದೇ ಜನ ದಿನವೂ ಸಂಖ್ಯೆಯ ಲೆಕ್ಕದಲ್ಲೇ ಗಣಿಗೆ ಇಳಿಯುತ್ತಿದ್ದವರು. ಆದರೆ ಬೆರಳಚ್ಚಿನ ಪುಸ್ತಕ ಬೇರೆ ಜಾತಿಯದು. ಅದನ್ನು ಓದುವ ಹಕ್ಕು ಒಂದೇ ಕಡೆಯವರಿಗಿತ್ತು. ಇಂದಿನ ಕಚೇರಿಗಳಲ್ಲಿ ಇದೇ ತಂತ್ರಾಂಶ ಯಾರು ಎಷ್ಟು ಚೀಟಿ ಮುಗಿಸಿದರು, ಯಾರು ಎಷ್ಟು ನಿಮಿಷ ಸುಮ್ಮನಿದ್ದರು ಎಂದು ಎಣಿಸುವ ಯಂತ್ರವಾಗಬಲ್ಲದು. ಆಗ ಜನ ದೊಡ್ಡ ಕೆಲಸವನ್ನು ಹತ್ತು ಚೂರು ಮಾಡಿ ಹತ್ತು ಚೀಟಿ ಬರೆಯುತ್ತಾರೆ, ಸಿಕ್ಕಿಕೊಂಡ ಕೆಲಸವನ್ನು ‘ನಡೆಯುತ್ತಿದೆ’ ಎಂದೇ ಇಡುತ್ತಾರೆ. ಮಿಸ್‌ಫೈರ್ ಆದದ್ದನ್ನು ಬರೆಯಲು ಹೆದರಿಕೆ ಹುಟ್ಟಿದ ದಿನ ಪುಸ್ತಕವಿದ್ದೂ ಇಲ್ಲದಂತೆ.

ಸಂಘವೋ, ಶಾಲೆಯೋ, ಸಣ್ಣ ಅಂಗಡಿಯೋ ಇಂಥದೊಂದನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಕೆಲಸದ ಹಲಗೆ ಎಲ್ಲರಿಗೂ ಒಂದೇ ರೀತಿ ಕಾಣುತ್ತದೆಯೇ ಎಂಬುದನ್ನು. ಆಮೇಲೆ, ನಾಳೆ ಬಿಟ್ಟು ಹೋಗುವುದಾದರೆ ನಮ್ಮ ಪಟ್ಟಿ ನಮ್ಮೊಡನೆ ಬರುತ್ತದೆಯೇ ಎಂದು ಕೇಳಬೇಕು. ಕ್ಯಾಲೆಂಡರ್ ಮಾಹಿತಿಗೆಂದು 1998ರಲ್ಲಿ ರೂಪುಗೊಂಡ ಐಕ್ಯಾಲೆಂಡರ್ ಎಂಬ ಮುಕ್ತ ಮಾನಕದಲ್ಲಿ ‘ಮಾಡಬೇಕಾದ ಕೆಲಸ’ಕ್ಕೂ ಒಂದು ಮಾದರಿಯಿದೆ. ಅದನ್ನು ಒಪ್ಪುವ ತಂತ್ರಾಂಶಗಳ ನಡುವೆ ಕೆಲಸಗಳನ್ನು ಸಾಗಿಸಬಹುದು. ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲೇ ನಡೆಸಲೂಬಹುದು. ಕೆಲಸದ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಯೂನಿಕೋಡ್ ಕನ್ನಡ ಇವೆಲ್ಲದರಲ್ಲೂ ನಡೆಯುತ್ತದೆ. ಮೊದಲ ವಾರ ಐದಾರು ಕೆಲಸ ಹಾಕಿ, ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ದಿನಾಂಕ ಕೊಟ್ಟು, ದಿನದ ಕೊನೆಗೆ ಎಲ್ಲರೂ ಒಮ್ಮೆ ತೆರೆದು ನೋಡುವ ರೂಢಿ ಮಾಡಿಕೊಂಡರೆ ಸಾಕು.